ಹಾರುವ ವಿದ್ಯೆಯ ಗುರುಗಳೂ ನೆಲದ ಮೇಲಿನ ವಿಮಾನವೂ

ನೀರಿಗಿಳಿಯದೆ ಈಜು ಬಾರದೆಂಬ ಮಾತು ನಮ್ಮಲ್ಲಿ ಹಳೆಯದು. ಈಜುವವನನ್ನು ಕುರಿತು ಹೇಳಿದ ಈ ಮಾತು ಹಾರುವವನಿಗೂ ಸಲ್ಲುವುದೆ? ನೆಲದ ಮೇಲೆಯೇ ಕುಳಿತು, ಮುಗಿಲ ಮುಖವನ್ನು ಕಾಣದೆ, ವಿಮಾನವನ್ನು ನಡೆಸುವ ವಿದ್ಯೆಯನ್ನು ಕಲಿಯಬಹುದೆ? ಕಲಿಯಬಹುದಾದರೆ ಎಷ್ಟರ ಮಟ್ಟಿಗೆ? ಕಲಿಸತಕ್ಕವನು ಎಂತಹವನಾಗಿರಬೇಕು? ಹಾರಬಲ್ಲವನೆಲ್ಲ ಹಾರಲು ಕಲಿಸಲೂ ಬಲ್ಲನೆ? ಈ ಪ್ರಶ್ನೆಗಳು ವಿಮಾನ ಹುಟ್ಟಿದಂದಿನಿಂದಲೂ ಅದರ ಬೆನ್ನು ಹತ್ತಿ ಬಂದಿವೆ. ಇವಕ್ಕೆ ಉತ್ತರ ತರ್ಕದಿಂದ ದೊರೆತದ್ದು ಅಲ್ಪ. ಅನೇಕ ಯುವಕರ ಪ್ರಾಣವನ್ನು ತೆತ್ತು ಪಡೆದದ್ದೇ ಹೆಚ್ಚು. ಆ ಚರಿತ್ರೆಯನ್ನು ಈ ಹೊತ್ತು ಶ್ರೋತೃಗಳ ಮುಂದಿಡಬೇಕೆಂದು ನಾವು ಬಯಸಿದ್ದೇವೆ.

ರೈಟ್ ಸಹೋದರರಿಗೆ ಗುರುವೆಂಬುವನು ಇರಲಿಲ್ಲ. ಯಂತ್ರವಿಲ್ಲದ ತೇಲುವಿಮಾನವನ್ನು ಕಿಟಿಹಾಕಿನ ಮರಳದಿಬ್ಬಗಳ ಮೇಲಿಂದ 1902ರಲ್ಲಿ ನೂರಾರು ಬಾರಿ ತೇಲಿಸಿ, ಬಿದ್ದು, ಎದ್ದು, ತಮಗೆ ತಾವೇ ಶಿಷ್ಯರಾಗಿ ಅವರು ಕಲಿತರು. 1903ರ ಡಿಸೆಂಬರ್ 17ರಂದು ಅವರ ಯಂತ್ರ ನೆಲಬಿಟ್ಟು ಎದ್ದಾಗ ಅದನ್ನು ಹಿಡಿತದಲ್ಲಿಟ್ಟದ್ದು ಈ ಅಭ್ಯಾಸಬಲ. ಆದರೆ ಎಲ್ಲರೂ ರೈಟ್ ಸಹೋದರರಾಗಲಾರರಷ್ಟೆ. ವಿಮಾನವನ್ನು ಮಾರಬೇಕಾದರೆ ಕೊಳ್ಳುವವನಿಗೆ ಅದನ್ನು ನಡೆಸುವ ಬಗೆಯನ್ನು ಕಲಿಸಲೇಬೇಕು. 1909ರಲ್ಲಿ ವಿಲ್ಬರ್ ರೈಟ್ ಫ್ರಾನ್ಸ್ ದೇಶದ ಪೋ ಎಂಬಲ್ಲಿ ಶಿಷ್ಯರನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಪಾಠ ಹೇಳಿದನು. ಹೀಗೆ ಹಾರುವ ವಿದ್ಯೆಗೆ ಉಪಾಧ್ಯಾಯನೆಂಬುವನು ಹುಟ್ಟಿದನು.

ಅದೇ ಕಾಲದಲ್ಲಿ ನೆಲದ ಮೇಲಿನ ವಿಮಾನವೂ ಹುಟ್ಟಿತು. ಆಂಟ್ವಾನೆಟ್ ಎಂಬ ಫ್ರೆಂಚ್ ವಿಮಾನವನ್ನು ನಡೆಸುವುದು ಬಲು ತೊಡಕಿನ ಕೆಲಸವಾಗಿದ್ದಿತು. ಚಾಲಕನ ಎಡಬಲಗಳಲ್ಲಿ ಎರಡು ಚಕ್ರಗಳು. ಒಂದನ್ನು ತಿರುಗಿಸಿದರೆ ಮೂತಿ ಏಳುವುದು ಅಥವಾ ಇಳಿಯುವುದು, ಮತ್ತೊಂದನ್ನು ತಿರುಗಿಸಿದರೆ ರೆಕ್ಕೆ ವಾಲುವುದು. ಕೈಗಳಿಗೆ ಇದು ಸ್ವಭಾವವಾಗುವವರೆಗೆ ಆಕಾಶಕ್ಕೆ ಕಳುಹಿಸುವುದು ಅಪಾಯವೆಂದು ಕಂಡ ಅಲ್ಲಿನವರು ಒಂದು ಪೀಪಾಯಿಯನ್ನು ಉದ್ದಕ್ಕೆ ಸೀಳಿ, ಒಂದು ಹೋಳಿನ ಮೇಲೆ ಇನ್ನೊಂದನ್ನು ಹೂಡಿ, ಮೇಲೊಂದು ಪೀಠವನ್ನಿಟ್ಟು, ಎರಡು ಪಕ್ಕಗಳಲ್ಲಿಯೂ ಚಕ್ರಗಳನ್ನು ಜೋಡಿಸಿದರು. ಶಿಷ್ಯನು ಮೇಲೆ ಕುಳಿತಿರುವನು. ಸುತ್ತ ನಿಂತ ಆಳುಗಳು ಕೋಲು ಹಿಡಿದು ಪೀಪಾಯಿಯನ್ನು ಅತ್ತಿತ್ತ ಅಲುಗಿಸುವರು. ಅವನು ಚಕ್ರಗಳನ್ನು ತಿರುಗಿಸಿ ಪೀಠವನ್ನು ಸಮಸ್ಥಿತಿಗೆ ತರಬೇಕು. ನೋಡುವವರಿಗೆ ಇದು ಜಾತ್ರೆಯ ಆಟದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೂ ಇಂದು ಕೋಟಿಗಟ್ಟಲೆ ಬೆಲೆಬಾಳುವ ಸಿಮ್ಯುಲೇಟರುಗಳಿಗೆಲ್ಲ ಈ ಪೀಪಾಯಿಯೇ ಮೂಲಪುರುಷ.

ಅಮೇರಿಕದಲ್ಲಿಯೂ ರೈಟ್ ಸಹೋದರರ ಕಾರ್ಖಾನೆಯಲ್ಲಿ ಹಳೆಯ ವಿಮಾನವೊಂದನ್ನು ಮರದ ಕಾಲುಗಳ ಮೇಲೆ ನಿಲ್ಲಿಸಿ, ಒಂದು ಸಣ್ಣ ಯಂತ್ರದಿಂದ ಅದು ತಾನಾಗಿ ಒಂದು ಕಡೆಗೆ ವಾಲುವಂತೆ ಏರ್ಪಡಿಸಿದ್ದರು. ಶಿಷ್ಯನು ಸರಿಯಾದ ಹಿಡಿಯನ್ನು ಸರಿಯಾದ ಕಡೆಗೆ ತಳ್ಳಿದರೆ ರೆಕ್ಕೆ ಮೇಲೇಳುವುದು; ತಪ್ಪಿದರೆ ವಾಲುತ್ತಲೇ ಹೋಗುವುದು. 1911ರಲ್ಲಿ ಅದರ ಮೇಲೆ ಕುಳಿತು ಕಲಿತವರಲ್ಲಿ ಹೆನ್ರಿ ಅರ್ನಾಲ್ಡ್ ಎಂಬ ಕಿರಿಯ ಸೇನಾಧಿಕಾರಿಯೂ ಒಬ್ಬನು. ಮುಂದೆ ಎರಡನೆಯ ಮಹಾಯುದ್ಧದಲ್ಲಿ ಅಮೇರಿಕದ ಸೇನಾ ವಿಮಾನದಳಗಳಿಗೆಲ್ಲ ದಂಡನಾಯಕನಾದವನು ಇವನೇ. ಫ್ರೆಂಚರು ಇನ್ನೊಂದು ದಾರಿಯನ್ನು ಹಿಡಿದರು. ರೆಕ್ಕೆಯನ್ನು ಗಿಡ್ಡವಾಗಿ ಕತ್ತರಿಸಿದ, ಹಾರಲಾರದ ವಿಮಾನವನ್ನು ಶಿಷ್ಯನ ಕೈಗೆ ಕೊಟ್ಟು, ಮೈದಾನದಲ್ಲಿ ನೆಟ್ಟಗೆ ಓಡಿಸೆಂದು ಬಿಟ್ಟುಬಿಡುತ್ತಿದ್ದರು. ಹಾರದ ಹಕ್ಕಿಯ ಹೆಸರಿನಿಂದ ಅದನ್ನು ಪೆಂಗ್ವಿನ್ ಎಂದೇ ಕರೆಯುತ್ತಿದ್ದರು. ನೆಟ್ಟಗೆ ಓಡಿಸುವುದೇ ಕಷ್ಟವಾಗಿ, ಅದು ಹುಚ್ಚುಹಿಡಿದ ಹೋರಿಯಂತೆ ಸುತ್ತುತ್ತಿದ್ದಿತಂತೆ.

ಇವೆಲ್ಲ ಉತ್ಸಾಹದ ದಿನಗಳ ಉಪಾಯಗಳು. ವಿದ್ಯೆಗೆ ನಿಜವಾದ ಪರೀಕ್ಷೆ ಬಂದದ್ದು 1914ರ ಮಹಾಯುದ್ಧದಲ್ಲಿ. ಮೊದಲು ಹತ್ತಾರು ಚಾಲಕರು ಸಾಕಾಗಿದ್ದ ಕಡೆ ಸಾವಿರಾರು ಮಂದಿ ಬೇಕಾದರು. ಅಷ್ಟು ಮಂದಿಗೆ ಕಲಿಸುವವರೆಲ್ಲಿ? ರಣರಂಗದಲ್ಲಿ ಬಳಲಿ, ನರಗಳು ಸೋತು, ವಿಶ್ರಾಂತಿಗೆಂದು ಊರಿಗೆ ಬಂದವರನ್ನು ಆಂಗ್ಲ ಸೇನೆಯವರು ಉಪಾಧ್ಯಾಯರನ್ನಾಗಿ ನೇಮಿಸಿದರು. ನಿನ್ನೆ ತಾನೆ ಕಲಿತು ಮುಗಿಸಿದವರನ್ನು ಇಂದು ಕಲಿಸಿರೆಂದು ನಿಲ್ಲಿಸಿದ ಪ್ರಸಂಗಗಳೂ ಉಂಟು. ಈ ಉಪಾಧ್ಯಾಯರಿಗೆ ತಮ್ಮ ಶಿಷ್ಯರೆಂದರೆ ಶತ್ರುವಿಗಿಂತಲೂ ಹೆಚ್ಚಿನ ಭಯ. ಜರ್ಮನರಿಗೆ ಇಟ್ಟಿದ್ದ ‘ಹೂಣ’ರೆಂಬ ಹೆಸರನ್ನೇ ಶಿಷ್ಯರಿಗೂ ಇಟ್ಟು ಕರೆಯುತ್ತಿದ್ದರು. ಮುಂದೆ ಕುಳಿತ ಉಪಾಧ್ಯಾಯನ ಭುಜದ ಮೇಲಿಂದ ಕೈಚಾಚಿ ಶಿಷ್ಯನು ಚಾಲನದಂಡವನ್ನು ಮುಟ್ಟಿ ನೋಡುವುದೇ ಎಷ್ಟೋ ಕಡೆ ಪಾಠವೆನಿಸಿತ್ತು. ಯಂತ್ರದ ಆರ್ಭಟದಲ್ಲಿ ಮಾತು ಕೇಳಿಸದು. ಹೆಗಲ ಮೇಲಿನ ಗುದ್ದು, ಕೈಸನ್ನೆ, ಬೈಗುಳು, ಇವೇ ಬೋಧನೆಯ ಭಾಷೆ. ಅಪಾಯಕರವಾದ ಚಲನೆಗಳನ್ನು ಕಲಿಸುವುದಂತೂ ಇರಲಿ, ಅವುಗಳ ಗೋಜಿಗೆ ಹೋಗಬಾರದೆಂದು ಕಟ್ಟಪ್ಪಣೆ. ಹೀಗೆ ಕಲಿತವರು ಕೆಲವೇ ಗಂಟೆಗಳ ಅನುಭವವನ್ನು ಗಂಟುಕಟ್ಟಿಕೊಂಡು ಫ್ರಾನ್ಸಿಗೆ ಹೋಗುತ್ತಿದ್ದರು. ಅನೇಕರು ಹೋಗುವ ಮುನ್ನವೇ, ಶತ್ರುವಿನ ಮುಖವನ್ನೇ ಕಾಣದೆ, ತಮ್ಮ ಊರಿನ ಮೈದಾನದಲ್ಲಿಯೇ ಮಡಿಯುತ್ತಿದ್ದರು.

ಈ ದುರವಸ್ಥೆಯನ್ನು ಕಂಡು ಕನಲಿದವನು ರಾಬರ್ಟ್ ಸ್ಮಿತ್-ಬ್ಯಾರಿ. ಇವನ ವಿಷಯವಾಗಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು; ಏಕೆಂದರೆ ಇಂದು ಜಗತ್ತಿನ ಯಾವ ಮೂಲೆಯಲ್ಲಿ ಯಾರು ವಿಮಾನ ನಡೆಸಲು ಕಲಿತರೂ ಅವರು ಅರಿಯದೆಯೇ ಇವನ ಶಿಷ್ಯಪರಂಪರೆಗೆ ಸೇರುತ್ತಾರೆಂಬುದು ನಮ್ಮ ಅಭಿಪ್ರಾಯ. ಐರ್ಲೆಂಡಿನ ಭೂಮಾಲಿಕರ ಮನೆತನದವನು. 1912ರಲ್ಲಿ ಅಪಾವನ್ನಿನ ಸೆಂಟ್ರಲ್ ಫ್ಲೈಯಿಂಗ್ ಸ್ಕೂಲ್ ತೆರೆದಾಗ ಅದರ ಮೊದಲ ತಂಡದಲ್ಲಿ ಕಲಿತವನು. 1914ರ ಆಗಸ್ಟ್ ತಿಂಗಳಲ್ಲಿ, ಯುದ್ಧ ಇನ್ನೂ ಸರಿಯಾಗಿ ಮೊದಲಾಗುವ ಮುನ್ನ, ಫ್ರಾನ್ಸಿನಲ್ಲಿ ಅವನ ವಿಮಾನ ನೆಲಕ್ಕಪ್ಪಳಿಸಿ ಅವನ ಎರಡು ಕಾಲುಗಳೂ ಮುರಿದುವು, ಜೊತೆಯಲ್ಲಿದ್ದವನು ಸತ್ತನು. ಮುಂದೆ ಜೀವಮಾನವೆಲ್ಲ ಕುಂಟುನಡೆಯೇ ಉಳಿಯಿತು. ಆದರೂ ಹಾರುವುದನ್ನು ಬಿಡದೆ, 1916ರಲ್ಲಿ ಫ್ರಾನ್ಸಿನಲ್ಲಿ 60ನೆಯ ಸ್ಕ್ವಾಡ್ರನ್ನಿನ ನಾಯಕನಾದನು. ಊರಿನಿಂದ ಬಂದಿಳಿಯುತ್ತಿದ್ದ ಹಸುಳೆ ಚಾಲಕರು ದಿನ ಕಳೆಯುವುದರೊಳಗೆ ಕಾಣೆಯಾಗುತ್ತಿದ್ದುದನ್ನು ಅವನು ಅಲ್ಲಿ ಕಣ್ಣಾರೆ ಕಂಡನು. ದೋಷ ಹುಡುಗರದಲ್ಲ, ಕಲಿಸಿದ ಬಗೆಯದು ಎಂದು ನಿಶ್ಚಯಿಸಿ, ಮೇಲಧಿಕಾರಿಗಳಿಗೆ ಪತ್ರದ ಮೇಲೆ ಪತ್ರ ಬರೆದನು. ಆ ಮೇಲಧಿಕಾರಿ ಟ್ರೆಂಚಾರ್ಡನು ಕೋಪಿಸಿಕೊಳ್ಳಬಹುದಾಗಿದ್ದಿತು. ಬದಲಾಗಿ, ನೀನೇ ಹೋಗಿ ಮಾಡಿತೋರಿಸೆಂದು, ದಕ್ಷಿಣ ಇಂಗ್ಲೆಂಡಿನ ಗಾಸ್‌ಪೋರ್ಟಿನಲ್ಲಿದ್ದ ತರಬೇತಿನ ದಳವೊಂದನ್ನು ಅವನ ಕೈಗೆ ಕೊಟ್ಟನು. ಇದು 1916ರ ಕೊನೆಯ ಮಾತು.

ಗಾಸ್‌ಪೋರ್ಟಿನಲ್ಲಿ ನಡೆದ ಮಾರ್ಪಾಡುಗಳನ್ನು ಒಂದೊಂದಾಗಿ ನೋಡಿದರೆ ಬಹು ಸರಳವಾದುವು. ಮೊದಲನೆಯದಾಗಿ, ಎರಡು ಪೀಠಗಳಿಗೂ ಪೂರ್ತಿಯಾದ ಚಾಲನಸಾಧನಗಳಿರುವ ಆವ್ರೊ 504 ವಿಮಾನವನ್ನೇ ಪಾಠಕ್ಕೆ ಆರಿಸಿಕೊಂಡನು. ಮುಂದೆ ಒಂಟಿಯಾಗಿ ಹಾರುವಾಗ ಶಿಷ್ಯನು ಯಾವ ಪೀಠದಲ್ಲಿ ಕೂಡಬೇಕೋ ಪಾಠದ ಕಾಲದಲ್ಲಿಯೂ ಅವನನ್ನು ಅದರಲ್ಲಿಯೇ ಕುಳ್ಳಿರಿಸಿದನು. ಎರಡು ಪೀಠಗಳ ನಡುವೆ ಒಂದು ರಬ್ಬರಿನ ಕೊಳವೆಯನ್ನು ಎಳೆದು, ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ನೇರವಾಗಿ ಮಾತು ತಲುಪುವಂತೆ ಮಾಡಿದನು. ಗಾಸ್‌ಪೋರ್ಟ್ ಕೊಳವೆಯೆಂದು ಹೆಸರಾದ ಈ ಸಾಧನ ಮೊಳ ಎರಡು ಮೊಳದ ವಸ್ತು. ಆದರೆ ಆಕಾಶದಲ್ಲಿ ಗುರುಶಿಷ್ಯರ ನಡುವೆ ಮೊಟ್ಟಮೊದಲು ಸರಾಗವಾಗಿ ಸಂಭಾಷಣೆ ನಡೆದದ್ದು ಅದರ ಮೂಲಕ. ಮಾತು ಸಾಧ್ಯವಾದ ಮೇಲೆ ಆಡತಕ್ಕ ಮಾತು ಯಾವುದೆಂಬ ಪ್ರಶ್ನೆ ಬಂದಿತು. ಪ್ರತಿಯೊಂದು ಚಲನೆಗೂ ಉಪಾಧ್ಯಾಯನು ಕೈಯಿಂದ ಮಾಡುತ್ತ ಬಾಯಿಂದ ಹೇಳುತ್ತ ಹೋಗಬೇಕಾದ ಕ್ಲುಪ್ತವಾದ ಪಾಠಕ್ರಮವನ್ನು ಅವರು ಕಟ್ಟಿದರು. ನಮ್ಮ ಸಂಗೀತ ವಿದ್ವಾಂಸರು ಶಿಷ್ಯನಿಗೆ ತಾಳ ಹಾಕುತ್ತ ಸರಳೆವರಸೆಯನ್ನು ಹೇಳಿಸುವಂತೆ, ಕೈಗೂ ಬಾಯಿಗೂ ಅಂತರ ಬೀಳಬಾರದು. ವೈಮಾನಿಕರು ಇದನ್ನು ‘ಪ್ಯಾಟರ್’ ಎನ್ನುತ್ತಾರೆ.

ಆದರೆ ಇವೆಲ್ಲಕ್ಕಿಂತ ದೊಡ್ಡ ಮಾರ್ಪಾಡು ಮನೋಭಾವದ್ದು. ಅಪಾಯದಿಂದ ಶಿಷ್ಯನನ್ನು ದೂರವಿಡುವುದು ಹಳೆಯ ಪದ್ಧತಿ. ಸ್ಮಿತ್-ಬ್ಯಾರಿಯಾದರೋ, ಗುರುವಿನ ಜೊತೆಯಲ್ಲಿ ಶಿಷ್ಯನನ್ನು ಬೇಕೆಂದೇ ಅಪಾಯದೊಳಕ್ಕೆ ಕರೆದೊಯ್ದು, ಅದರಿಂದ ಹೊರಬರುವ ದಾರಿಯನ್ನು ಅವನ ಕೈಯಿಂದಲೇ ಮಾಡಿಸಬೇಕೆಂದನು. ಇದರ ಮಹತ್ವ ತಿಳಿಯಬೇಕಾದರೆ ‘ಸ್ಪಿನ್’ ಎಂಬುದನ್ನು ತಿಳಿಯಬೇಕು. ವೇಗ ಕುಂದಿದ ವಿಮಾನದ ರೆಕ್ಕೆಗಳಲ್ಲಿ ಒಂದು ಮತ್ತೊಂದಕ್ಕಿಂತ ಮೊದಲು ಗಾಳಿಯ ಆಸರೆಯನ್ನು ಕಳೆದುಕೊಂಡರೆ, ವಿಮಾನವು ಮೂತಿ ಕೆಳಗಾಗಿ ಬುಗುರಿಯಂತೆ ಗಿರಕಿ ಹೊಡೆಯುತ್ತ ಬೀಳತೊಡಗುವುದು. ದಂಡವನ್ನು ಹಿಂದಕ್ಕೆಳೆದು ಮೂತಿಯನ್ನು ಎತ್ತಬೇಕೆನ್ನುವುದು ಮನುಷ್ಯನ ಸಹಜಬುದ್ಧಿ. ಅದನ್ನು ಮಾಡಿದವನು ಉಳಿಯುವಂತಿಲ್ಲ. 1912ರ ಆಗಸ್ಟ್ 25ರಂದು ವಿಲ್ಫ್ರೆಡ್ ಪಾರ್ಕ್ ಎಂಬ ನೌಕಾಪಡೆಯ ಅಧಿಕಾರಿಯ ವಿಮಾನ ಹೀಗೆ ಬೀಳುತ್ತಿದ್ದಾಗ, ಬೇರೆಲ್ಲ ಮಾಡಿ ಸೋತು, ಕೊನೆಯ ಗಳಿಗೆಯಲ್ಲಿ ಅವನು ಚುಕ್ಕಾಣಿಯನ್ನು ತಿರುಗುವ ದಿಕ್ಕಿಗೆ ವಿರುದ್ಧವಾಗಿ ಒತ್ತಿದನು. ನೆಲಕ್ಕೆ ಇನ್ನು ಸುಮಾರು ಐವತ್ತು ಅಡಿ ಇರುವಾಗ ಗಿರಕಿ ನಿಂತಿತು. ಕೆಳಗೆ ನಿಂತು ನೋಡುತ್ತಿದ್ದ ತಜ್ಞರು ಅವನ ಅನುಭವವನ್ನು ಕೂಡಲೇ ಬರೆದಿಟ್ಟರು. ಮುಂದೆ ಯುದ್ಧಕಾಲದಲ್ಲಿ ಫಾರ್ನ್‌ಬರೋವಿನ ವಿಜ್ಞಾನಿ ಲಿಂಡೆಮನ್ ತಾನೇ ಹಾರಲು ಕಲಿತು, ಬೇಕೆಂದೇ ಗಿರಕಿಯೊಳಕ್ಕೆ ಹೋಗಿ, ಬೀಳುತ್ತಿರುವಾಗಲೇ ಅಳತೆಗಳನ್ನು ಗುರುತು ಹಾಕಿಕೊಂಡು ಬಂದನು. ಎರಡನೆಯ ಯುದ್ಧದಲ್ಲಿ ಚರ್ಚಿಲ್ಲರಿಗೆ ವಿಜ್ಞಾನದ ಸಲಹೆಗಾರನಾಗಿದ್ದವನೂ ಇವನೇ. ತಪಸ್ಸಿನಂತಹ ಈ ಸಾಹಸಗಳ ಫಲವನ್ನು ಸಾಮಾನ್ಯ ಶಿಷ್ಯನ ಕೈಗೆ ಮುಟ್ಟಿಸಿದ್ದು ಗಾಸ್‌ಪೋರ್ಟ್. ಕಲಿಯುವವನಿಗೆ ಕಾರಣ ತಿಳಿದುದರಿಂದ ಭಯ ಹೋಯಿತು; ಭಯ ಹೋದುದರಿಂದ ಕೈ ಹಗುರವಾಯಿತು.

ಇದನ್ನು ಕಲಿಸಬೇಕಾದವನು ಸೋತು ಸುಣ್ಣವಾದವನಾಗಿರಲಾರನಷ್ಟೆ. ಆದುದರಿಂದಲೇ 1917ರ ಆಗಸ್ಟಿನಲ್ಲಿ ಆ ದಳಕ್ಕೆ ಸ್ಕೂಲ್ ಆಫ್ ಸ್ಪೆಷಲ್ ಫ್ಲೈಯಿಂಗ್ ಎಂದು ಹೆಸರಿಟ್ಟು, ಉಪಾಧ್ಯಾಯರಿಗೆ ಉಪಾಧ್ಯಾಯತ್ವವನ್ನು ಕಲಿಸುವ ಶಾಲೆಯನ್ನಾಗಿ ಮಾಡಿದರು. ಸಾಮಾನ್ಯ ಶಾಲೆಗಳಲ್ಲಿ ನಾರ್ಮಲ್ ಸ್ಕೂಲಿಗೆ ಯಾವ ಸ್ಥಾನವೋ ಹಾರುವ ವಿದ್ಯೆಯಲ್ಲಿ ಇದಕ್ಕೆ ಆ ಸ್ಥಾನ. ಬೋಧಕನೆಂದರೆ ಹಾರಬಲ್ಲವನು ಎಂಬಷ್ಟರಿಂದ ಸಾಲದು. ಅವನು ತನ್ನ ವಿದ್ಯೆಯನ್ನು ಬಿಡಿಸಿ ಹೇಳಬಲ್ಲವನೆಂದು ಬೇರೆಯೇ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಬೇಕು ಎಂಬ ನಿಯಮಕ್ಕೆ ಅಲ್ಲಿಯೇ ಬೀಜ ಬಿದ್ದಿತು. ಯುದ್ಧಾನಂತರ 1920ರಲ್ಲಿ ಸೆಂಟ್ರಲ್ ಫ್ಲೈಯಿಂಗ್ ಸ್ಕೂಲ್ ಮತ್ತೆ ತೆರೆದಾಗ ಅದರ ಮುಖ್ಯ ಕೆಲಸ ಬೋಧಕರನ್ನು ತಯಾರಿಸುವುದೇ ಆಯಿತು.

ಇಷ್ಟಾದರೂ ಒಂದು ಶತ್ರುವಿನ ಮುಂದೆ ಈ ಪದ್ಧತಿಯೂ ಕೈಕಟ್ಟಿ ನಿಲ್ಲಬೇಕಾಯಿತು. ಅದೆಂದರೆ ಮಂಜು. ಮೋಡದೊಳಗೆ ಹೊಕ್ಕ ಚಾಲಕನಿಗೆ ದಿಗಂತ ಕಾಣದು. ಆಗ ಅವನು ತನ್ನ ಮೈಯ ಅನುಭವವನ್ನು ನಂಬುತ್ತಾನೆ. ಅದು ಅವನಿಗೆ ಸುಳ್ಳು ಹೇಳುತ್ತದೆ. ನಮ್ಮ ಒಳಕಿವಿಯಲ್ಲಿರುವ ಸಮತೋಲದ ಅಂಗವು ತಿರುಗುವಿಕೆಯ ಆರಂಭವನ್ನೂ ನಿಲುಗಡೆಯನ್ನೂ ತಿಳಿಸುವುದೇ ಹೊರತು ಒಂದೇ ಸಮನಾಗಿ ನಡೆಯುತ್ತಿರುವ ತಿರುಗುವಿಕೆಯನ್ನು ತಿಳಿಸಲಾರದು. ಅಮೇರಿಕದ ಸೇನೆಯ ವಿಲಿಯಂ ಆಕರ್ ಎಂಬ ಅನುಭವಿ ಚಾಲಕನನ್ನು 1926ರಲ್ಲಿ ಒಬ್ಬ ವೈದ್ಯನು ಕಣ್ಣುಕಟ್ಟಿ ತಿರುಗುವ ಕುರ್ಚಿಯ ಮೇಲೆ ಕುಳ್ಳಿರಿಸಿದನು. ಕುರ್ಚಿಯ ವೇಗ ಕುಂದಿದಾಗ ನಿಂತಿತೆಂದೂ, ನಿಂತಾಗ ವಿರುದ್ಧ ದಿಕ್ಕಿಗೆ ತಿರುಗಿತೆಂದೂ ಆಕರ್ ದೃಢವಾಗಿ ಹೇಳಿದನು. ಅನಂತರ ಅವನು ತಿರುವನ್ನು ಸೂಚಿಸುವ ಉಪಕರಣವಿದ್ದ ಒಂದು ಪೆಟ್ಟಿಗೆಯೊಳಗೆ ಮುಖವಿಟ್ಟು ಅದೇ ಕುರ್ಚಿಯಲ್ಲಿ ಕುಳಿತು, ಉಪಕರಣವನ್ನೇ ನೋಡಿ ಪ್ರತಿಬಾರಿಯೂ ಸರಿಯುತ್ತರ ಹೇಳಿದನು. 1929ರ ಸೆಪ್ಟೆಂಬರ್ 24ರಂದು ಜೇಮ್ಸ್ ಡೂಲಿಟ್ಲ್ ಮುಸುಕು ಹಾಕಿದ ಚಾಲಕಪೀಠದಲ್ಲಿ ಕುಳಿತು, ಹೊರಗೇನನ್ನೂ ಕಾಣದೆ, ವಿಮಾನವನ್ನು ಎಬ್ಬಿಸಿ, ಹಾರಿಸಿ, ಇಳಿಸಿದನು. ಸಾಧ್ಯವೆಂಬುದು ಸಿದ್ಧವಾಯಿತು. ಆದರೆ ಸಾವಿರಾರು ಚಾಲಕರಿಗೆ ತಮ್ಮ ಮೈಯನ್ನು ನಂಬದೆ ಮುಳ್ಳನ್ನು ನಂಬುವುದನ್ನು ಕಲಿಸುವುದೆಂತು?

ಉತ್ತರ ಒಂದು ವಾದ್ಯದ ಕಾರ್ಖಾನೆಯಿಂದ ಬಂದಿತು. ನ್ಯೂಯಾರ್ಕ್ ಪ್ರಾಂತದ ಬಿಂಗಮ್ಟನ್ ಪಟ್ಟಣದಲ್ಲಿ ಲಿಂಕ್ ಮನೆತನದವರು ತಾನಾಗಿ ನುಡಿಯುವ ಪಿಯಾನೋಗಳನ್ನೂ ನಾಟಕಶಾಲೆಗಳ ಆರ್ಗನ್ ವಾದ್ಯಗಳನ್ನೂ ತಯಾರಿಸುತ್ತಿದ್ದರು. ಆ ಮನೆಯ ಮಗ ಎಡ್ವಿನ್ ಲಿಂಕನಿಗೆ (ಜನನ 1904) ಹಾರುವ ಹುಚ್ಚು. 1920ರಲ್ಲಿ ಕ್ಯಾಲಿಫೋರ್ನಿಯದಲ್ಲಿ, ಚಾರ್ಲಿ ಚಾಪ್ಲಿನ್ನನ ಅಣ್ಣ ಸಿಡ್ನಿ ನಡೆಸುತ್ತಿದ್ದ ವಿಮಾನಸಂಸ್ಥೆಯಲ್ಲಿ, ಐವತ್ತು ಡಾಲರು ಕೊಟ್ಟು ಮೊದಲ ಪಾಠ ಹೇಳಿಸಿಕೊಂಡನು. ಪಾಠವೆಂದರೇನು? ಒಂದು ಗಂಟೆಯ ಕಾಲ ಉಪಾಧ್ಯಾಯನು ತನ್ನ ಚಮತ್ಕಾರಗಳನ್ನು ತೋರಿಸಿ ಕೆಳಗಿಳಿಸಿದನು. ಶಿಷ್ಯನು ಚಾಲನದಂಡವನ್ನು ಒಮ್ಮೆಯೂ ಮುಟ್ಟಲಿಲ್ಲ. ಗಾಸ್‌ಪೋರ್ಟಿನ ಮಾತು ಅಲ್ಲಿಗಿನ್ನೂ ಮುಟ್ಟಿರಲಿಲ್ಲವೆಂದು ತೋರುತ್ತದೆ! ಬಡವನಿಗೂ ನಿಲುಕುವ ಬೆಲೆಯಲ್ಲಿ ಹಾರಲು ಕಲಿಸುವುದು ಹೇಗೆಂದು ಲಿಂಕನು ಅಂದಿನಿಂದ ಯೋಚಿಸತೊಡಗಿದನು.

ಹಾರ್ಮೋನಿಯಂ ಪೆಟ್ಟಿಗೆಯ ತಿದಿಯನ್ನು ನೋಡಿದವರಿಗೆ ಲಿಂಕನ ಯುಕ್ತಿಯನ್ನು ವಿವರಿಸಬೇಕಾಗಿಲ್ಲ. ಆರ್ಗನ್ನಿನ ತಿದಿಗಳಲ್ಲಿ ಗಾಳಿಯನ್ನು ತುಂಬಿದರೆ ಉಬ್ಬುವುವು, ಹೀರಿದರೆ ಕುಗ್ಗುವುವು. ಗಿಡ್ಡ ರೆಕ್ಕೆಗಳುಳ್ಳ ಒಂದು ಪುಟ್ಟ ವಿಮಾನಾಕಾರದ ಪೆಟ್ಟಿಗೆಯನ್ನು ಇಂತಹ ತಿದಿಗಳ ಮೇಲೆ ಕೂರಿಸಿ, ಚಾಲನದಂಡವನ್ನು ಗಾಳಿಯ ಕವಾಟಗಳಿಗೆ ಜೋಡಿಸಿದರೆ, ದಂಡ ಅಲುಗಿದಂತೆ ಪೆಟ್ಟಿಗೆ ಏಳುವುದು, ಇಳಿಯುವುದು, ವಾಲುವುದು, ಸುತ್ತುವುದು. ಅಪ್ಪನ ಕಾರ್ಖಾನೆಯ ನೆಲಮಾಳಿಗೆಯಲ್ಲಿ ಹದಿನೆಂಟು ತಿಂಗಳು ದುಡಿದು, 1929ರಲ್ಲಿ ಅವನು ಇದನ್ನು ಮುಗಿಸಿದನು. ಕೊಳ್ಳುವವರು ಮಾತ್ರ ಇಲ್ಲ. ವಿಮಾನ ಶಾಲೆಗಳವರು ಇದು ಆಟಿಕೆಯೆಂದು ನಕ್ಕರು. ಮೊದಲು ತಯಾರಾದ ಪೆಟ್ಟಿಗೆಗಳಲ್ಲಿ ಹೆಚ್ಚಿನವು ವಿನೋದವನಗಳಿಗೆ ಹೋದುವು. ಅಲ್ಲಿ ಜನ ನಾಣ್ಯ ಹಾಕಿ, ಕುಳಿತು, ಕಿರುಚಿ, ಇಳಿದುಹೋಗುತ್ತಿದ್ದರು. ಲಿಂಕನು ಧೈರ್ಯಗೆಡದೆ ತಾನೇ ಒಂದು ಶಾಲೆಯನ್ನು ತೆರೆದು, ಪೆಟ್ಟಿಗೆಯಲ್ಲಿ ಉಪಕರಣಗಳನ್ನು ಜೋಡಿಸಿ, ಮುಚ್ಚಳವನ್ನು ಮುಚ್ಚಿ, ಕುರುಡು ಹಾರಾಟವನ್ನು ಕಲಿಸತೊಡಗಿದನು.

1934ರ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ವಿಮಾನದ ಟಪ್ಪಾಲನ್ನು ಖಾಸಗಿ ಕಂಪೆನಿಗಳಿಂದ ಕಿತ್ತು ಸೇನೆಯ ಚಾಲಕರಿಗೆ ಒಪ್ಪಿಸಿದರು. ಚಳಿಗಾಲದ ರಾತ್ರಿಗಳು, ಹಿಮ, ಮಂಜು. ಹಗಲಿನಲ್ಲಿ ಶತ್ರುವನ್ನು ಬೆನ್ನಟ್ಟಲು ಕಲಿತಿದ್ದ ತರುಣರಿಗೆ ಉಪಕರಣಗಳನ್ನು ನಂಬಿ ಹಾರುವ ಅಭ್ಯಾಸವಿರಲಿಲ್ಲ. ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ದೇಶವೆಲ್ಲ ಹುಯಿಲೆದ್ದಿತು. ಆಗ ಸೇನಾಧಿಕಾರಿಗಳಿಗೆ ಲಿಂಕನ ಪೆಟ್ಟಿಗೆಯ ನೆನಪಾಯಿತು. ಅದನ್ನು ನೋಡಲು ಅವರು ನ್ಯೂಯಾರ್ಕಿನ ಬಳಿಯ ನ್ಯೂಯಾರ್ಕಿಗೆ ಹೊಂದಿದ ನೂವಾರ್ಕ್ ವಿಮಾನನಿಲ್ದಾಣದಲ್ಲಿ ಕಾಯುತ್ತಿದ್ದ ದಿನ ದಟ್ಟವಾದ ಮಂಜು ಕವಿದಿತ್ತು. ಇಂತಹ ಹವೆಯಲ್ಲಿ ಯಾರು ಬಂದಾರೆಂದು ಅವರು ಹೊರಡಲನುವಾಗುತ್ತಿರುವಾಗ, ಮಂಜಿನೊಳಗಿಂದ ಲಿಂಕನ ವಿಮಾನ ಇಳಿದುಬಂದಿತು. ಬೇರೆ ಸಾಕ್ಷ್ಯವೇಕೆ? ಸೇನೆಯು ಒಂದೊಂದಕ್ಕೆ 3,500 ಡಾಲರಿನಂತೆ ಆರು ಪೆಟ್ಟಿಗೆಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧ ಮುಗಿಯುವ ವೇಳೆಗೆ ಹತ್ತು ಸಾವಿರಕ್ಕೂ ಮೀರಿದ ಲಿಂಕ್ ಪೆಟ್ಟಿಗೆಗಳು ತಯಾರಾಗಿದ್ದುವು. ಮಿತ್ರರಾಷ್ಟ್ರಗಳ ಸುಮಾರು ಐದು ಲಕ್ಷ ಮಂದಿ ವೈಮಾನಿಕರು ಅವುಗಳಲ್ಲಿ ಕುಳಿತು ಎದ್ದಿದ್ದರು.

ಈ ಪೆಟ್ಟಿಗೆಯ ಪಕ್ಕದಲ್ಲಿ ಒಂದು ಮೇಜನ್ನು ನಮ್ಮ ಶ್ರೋತೃಗಳು ಊಹಿಸಿಕೊಳ್ಳಬೇಕು. ಮೇಜಿನ ಮೇಲೆ ಭೂಪಟ. ಭೂಪಟದ ಮೇಲೆ ಏಡಿಯೆಂದು ಕರೆಯುವ ಮೂರು ಗಾಲಿಯ ಒಂದು ಸಣ್ಣ ಯಂತ್ರ. ಒಳಗೆ ಶಿಷ್ಯನು ಹಾರಿದಂತೆಲ್ಲ ಏಡಿಯು ಮಸಿಯ ಗೆರೆಯನ್ನೆಳೆಯುತ್ತ ಹರಿಯುವುದು. ಬೋಧಕನು ಮೇಜಿನ ಬಳಿ ಕುಳಿತು ಅದನ್ನು ನೋಡುತ್ತ, ನಿಲ್ದಾಣದ ರೇಡಿಯೋದವನಂತೆ ಶಿಷ್ಯನ ಕಿವಿಯಲ್ಲಿ ಮಾತನಾಡುವನು. ಪಾಠ ಮುಗಿದ ಮೇಲೆ ಮುಚ್ಚಳ ತೆರೆದು ಬಂದ ಶಿಷ್ಯನಿಗೆ ಗೆರೆಯನ್ನು ತೋರಿಸಿ, ಇಲ್ಲಿ ನೀನು ಬೆಟ್ಟಕ್ಕೆ ಹಾಯ್ದೆ ಎಂದು ಹೇಳುವನು. ಬೆಟ್ಟಕ್ಕೆ ಹಾಯ್ದವನು ತನ್ನ ತಪ್ಪನ್ನು ಕುರಿತು ಗುರುವಿನೊಡನೆ ಚರ್ಚಿಸುವುದು ಆ ತನಕ ಲೋಕದಲ್ಲಿ ನಡೆಯದ ಸಂಗತಿ. ಯಂತ್ರದ ಪ್ರಯೋಜನವೆಲ್ಲ ಈ ಚರ್ಚೆಯಲ್ಲಿದೆಯೆಂದು ನಮಗೆ ತೋರುತ್ತದೆ. ಬೋಧಕನಿಲ್ಲದ ಪೆಟ್ಟಿಗೆಯೂ ವಿನೋದವನದ ಪೆಟ್ಟಿಗೆಯೂ ಒಂದೇ.

ಅಲ್ಲಿಂದ ಮುಂದಿನ ಯಂತ್ರಗಳ ಕಥೆಯನ್ನು ಬೇಗ ದಾಟಬಹುದು. ತಿದಿಯ ಜಾಗಕ್ಕೆ ವಿದ್ಯುಲ್ಲೆಕ್ಕದ ಯಂತ್ರ ಬಂದಿತು. 1948ರಲ್ಲಿ ಪ್ಯಾನ್ ಅಮೇರಿಕನ್ ಕಂಪೆನಿ ತನ್ನ ಸ್ಟ್ರಾಟೋಕ್ರೂಸರ್ ವಿಮಾನದ ಪೂರ್ತಿ ಚಾಲಕಕೋಣೆಯ ಪ್ರತಿಕೃತಿಯನ್ನು ತರಿಸಿಕೊಂಡಿತು. ಅದು ಅಲುಗುತ್ತಿರಲಿಲ್ಲ, ಅದರ ಕಿಟಕಿಯಲ್ಲಿ ಏನೂ ಕಾಣುತ್ತಿರಲಿಲ್ಲ. ಆಮೇಲೆ ಕಿಟಕಿಯಲ್ಲಿ ಚಿತ್ರ ಬಂದಿತು. ಸ್ಟಿವರ್ಟ್ ಎಂಬ ಆಂಗ್ಲ ಶಿಲ್ಪಜ್ಞನು 1965ರಲ್ಲಿ ವಿವರಿಸಿದ ಮಾದರಿಯ ಆರು ಕಾಲಿನ ಅಡಿಪೀಠದ ಮೇಲೆ ಇಡೀ ಕೋಣೆ ನಿಂತಿತು. ಇದರಲ್ಲಿ ಒಂದು ಚಮತ್ಕಾರವಿದೆ. ವಿಮಾನ ವೇಗವಾಗಿ ಮುನ್ನುಗ್ಗಿದಾಗ ಬೆನ್ನು ಪೀಠಕ್ಕೆ ಒತ್ತುವುದಷ್ಟೆ. ನಿಂತಲ್ಲಿಯೇ ನಿಂತ ಯಂತ್ರ ಮುನ್ನುಗ್ಗಲಾರದು. ಆದುದರಿಂದ ಅದು ಮೆಲ್ಲಗೆ ಹಿಂದಕ್ಕೆ ವಾಲುತ್ತದೆ. ಕಿಟಕಿಯ ಚಿತ್ರ ಮಾತ್ರ ವಾಲುವುದಿಲ್ಲ. ಭೂಮಿಯ ಸೆಳೆತ ಬೆನ್ನನ್ನು ಒತ್ತುತ್ತದೆ. ಒಳಕಿವಿ ಅದನ್ನು ವೇಗವೆಂದು ತಿಳಿಯುತ್ತದೆ. ಮಂಜಿನಲ್ಲಿ ನೂರಾರು ಚಾಲಕರನ್ನು ಕೊಂದ ಆ ಅಂಗದ ಭ್ರಾಂತಿಯನ್ನೇ ಇಲ್ಲಿ ಪಾಠಕ್ಕೆ ಊಳಿಗದವನನ್ನಾಗಿ ಮಾಡಿಕೊಂಡಿದ್ದಾರೆ.

ಇಷ್ಟು ಹಣವನ್ನು ಸುರಿಯಲು ಕಾರಣವಿಲ್ಲದಿರಲಿಲ್ಲ. ಅಪಾಯದೊಳಕ್ಕೆ ಕರೆದೊಯ್ದು ಕಲಿಸಬೇಕೆಂಬ ಗಾಸ್‌ಪೋರ್ಟಿನ ನೀತಿ ಹಗುರವಾದ ಆವ್ರೊ ವಿಮಾನಕ್ಕೆ ಒಪ್ಪುತ್ತಿದ್ದಿತು. ನಾಲ್ಕು ಜೆಟ್ ಯಂತ್ರಗಳ ದೈತ್ಯವಿಮಾನದಲ್ಲಿ ಅದೇ ನೀತಿ ಪ್ರಾಣಾಂತಿಕವಾಯಿತು. 1959ರ ಆಗಸ್ಟ್ 15ರಂದು ಲಾಂಗ್ ಐಲೆಂಡಿನಲ್ಲಿ, ಒಂದೇ ಬದಿಯ ಎರಡು ಯಂತ್ರಗಳು ಕೆಟ್ಟಂತೆ ನಟಿಸಿ ಅಭ್ಯಾಸ ಮಾಡುತ್ತಿದ್ದ ಬೋಯಿಂಗ್ 707 ಬಿದ್ದು ಐವರು ಸತ್ತರು. 1967ರ ಮಾರ್ಚ್ 30ರಂದು ನ್ಯೂ ಆರ್ಲಿಯನ್ಸಿನಲ್ಲಿ ಅಂತಹದೇ ಅಭ್ಯಾಸದಲ್ಲಿದ್ದ ಡಿ.ಸಿ.-8 ಊರಿನ ಮೇಲೆ ಬಿದ್ದು, ಒಳಗಿದ್ದ ಆರು ಮಂದಿಯೂ, ಯಾವ ಸಂಬಂಧವೂ ಇಲ್ಲದೆ ನೆಲದ ಮೇಲಿದ್ದ 13 ಮಂದಿಯೂ ಮಡಿದರು. ಕೆಡದ ಯಂತ್ರವನ್ನು ಕೆಟ್ಟಿತೆಂದು ನಟಿಸಿ ನಿಜವಾಗಿ ಸಾಯುವುದು ಎಂತಹ ವಿಪರ್ಯಾಸ! ಇಂತಹ ಪಾಠಗಳೆಲ್ಲ ಕ್ರಮೇಣ ನೆಲದ ಮೇಲಿನ ಯಂತ್ರಕ್ಕೆ ಇಳಿದುವು. 1980ರಲ್ಲಿ ಅಮೇರಿಕದ ಸರ್ಕಾರ ಮಾಡಿದ ನಿಯಮಗಳಿಂದ, ನುರಿತ ಚಾಲಕನು ಹೊಸ ಬಗೆಯ ವಿಮಾನವನ್ನು ಪೂರ್ತಿಯಾಗಿ ಸಿಮ್ಯುಲೇಟರಿನಲ್ಲಿಯೇ ಕಲಿಯಲು ದಾರಿಯಾಯಿತು. ಅಂತಹವನು ಆ ವಿಮಾನವನ್ನು ಮೊಟ್ಟಮೊದಲು ನಡೆಸುವಾಗ ಹಿಂದೆ ಪ್ರಯಾಣಿಕರು ಕುಳಿತಿರುವುದುಂಟು.

ಹಾಗಾದರೆ ಯಂತ್ರ ಗೆದ್ದಿತೆ? ಎರಡು ಪ್ರಸಂಗಗಳನ್ನು ಎದುರುಬದುರಿಟ್ಟು ನೋಡಬೇಕೆಂದು ನಮಗೆ ತೋರುತ್ತದೆ. 1989ರ ಜುಲೈ 19ರಂದು ಯುನೈಟೆಡ್ ಕಂಪೆನಿಯ ಡಿ.ಸಿ.-10 ವಿಮಾನದ ಬಾಲದ ಯಂತ್ರ ಸಿಡಿದು, ಚುಕ್ಕಾಣಿಗಳನ್ನು ನಡೆಸುವ ಮೂರು ದ್ರವನಾಳಗಳೂ ಬರಿದಾದುವು. ನಾಯಕ ಆಲ್ ಹೇನ್ಸನ ಕೈಯಲ್ಲಿ ಉಳಿದದ್ದು ಎರಡು ಯಂತ್ರಗಳ ವೇಗದ ಹಿಡಿಗಳು ಮಾತ್ರ. ಪ್ರಯಾಣಿಕರ ನಡುವೆ ಅದೇ ಕಂಪೆನಿಯ ಬೋಧಕ ಡೆನಿಸ್ ಫಿಚ್ ಇದ್ದನು. 1985ರಲ್ಲಿ ಜಪಾನಿನಲ್ಲಿ 520 ಮಂದಿಯನ್ನು ಬಲಿ ತೆಗೆದುಕೊಂಡ ಅಪಘಾತದ ವಿಷಯವನ್ನು ಓದಿ, ಯಾರೂ ಹೇಳದಿದ್ದರೂ ತಾನಾಗಿ ಸಿಮ್ಯುಲೇಟರಿನಲ್ಲಿ ಕುಳಿತು, ವೇಗದ ಹಿಡಿಗಳಿಂದಲೇ ವಿಮಾನವನ್ನು ನಡೆಸಬಹುದೆ ಎಂದು ಅವನು ಅಭ್ಯಾಸ ಮಾಡಿ ನೋಡಿದ್ದನು. ಚಾಲಕರ ನಡುವೆ ಮೊಣಕಾಲೂರಿ, ಎರಡು ಕೈಗಳಲ್ಲಿ ಎರಡು ಹಿಡಿಗಳನ್ನು ಹಿಡಿದು, ಆ ವಿಮಾನವನ್ನು ಸೂ ಸಿಟಿಯ ನಿಲ್ದಾಣದವರೆಗೆ ತಂದನು. ನೆಲಕ್ಕೆ ತಾಗಿ ಒಡೆದರೂ 296 ಮಂದಿಯಲ್ಲಿ 184 ಮಂದಿ ಉಳಿದರು.

ಇನ್ನೊಂದು 2001ರ ನವೆಂಬರ್ 12ರದು. ನ್ಯೂಯಾರ್ಕಿನಿಂದ ಎದ್ದ ಅಮೇರಿಕನ್ ಕಂಪೆನಿಯ ಏರ್‌ಬಸ್ ವಿಮಾನವೊಂದು ಮುಂದೆ ಹೋದ ವಿಮಾನದ ಗಾಳಿಯ ಸುಳಿಗೆ ಸಿಕ್ಕಿ ಸ್ವಲ್ಪ ಅಲುಗಿತು. ಸಹಚಾಲಕನು ಚುಕ್ಕಾಣಿಯನ್ನು ಬಲವಾಗಿ ಆ ಕಡೆಗೂ ಈ ಕಡೆಗೂ ಮತ್ತೆ ಮತ್ತೆ ಒತ್ತಿದನು. ಬಾಲದ ನೆಟ್ಟನೆಯ ರೆಕ್ಕೆಯೇ ಮುರಿದುಹೋಯಿತು. 265 ಮಂದಿ ಸತ್ತರು. ವಿಚಾರಣೆ ನಡೆಸಿದ ಮಂಡಲಿಯು, ಆ ವಿಮಾನದ ಚುಕ್ಕಾಣಿ ಅತಿ ಸೂಕ್ಷ್ಮವಾಗಿದ್ದುದೂ, ಕಂಪೆನಿಯ ತರಬೇತಿನ ಕ್ರಮವೂ ಇದಕ್ಕೆ ನೆರವಾದುವೆಂದು ತೀರ್ಮಾನಿಸಿತು. ಗಾಳಿಯ ಸುಳಿಯ ಪಾಠವನ್ನು ಸಿಮ್ಯುಲೇಟರಿನಲ್ಲಿ ಹೇಳುವಾಗ, ವಿಮಾನ ವಿಪರೀತವಾಗಿ ವಾಲುವವರೆಗೆ ಚಾಲಕನ ಒತ್ತಡಕ್ಕೆ ಯಂತ್ರ ಓಗೊಡದಂತೆ ಏರ್ಪಡಿಸಿದ್ದರು. ನಿಜವಾದ ವಿಮಾನ ಹಾಗೆ ಮಾಡದು. ಯಂತ್ರವು ತನ್ನಲ್ಲಿ ತುಂಬಿದುದನ್ನು, ಸರಿಯಾಗಲಿ ತಪ್ಪಾಗಲಿ, ಒಂದೇ ನಿಷ್ಠೆಯಿಂದ ಕಲಿಸುತ್ತದೆ. ಏನನ್ನು ತುಂಬಬೇಕು, ಅದರಲ್ಲಿ ಯಾವುದು ಸುಳ್ಳು ಎಂದು ತಿಳಿದು ಶಿಷ್ಯನಿಗೆ ಎಚ್ಚರಿಕೆ ಹೇಳಬೇಕಾದವನು ಬೋಧಕನು.

ಈ ಕಾರಣದಿಂದಲೇ ಬೋಧಕನ ಯೋಗ್ಯತೆಯನ್ನು ರಾಷ್ಟ್ರಗಳೆಲ್ಲ ಕಾನೂನಿನಿಂದ ಕಟ್ಟಿಟ್ಟಿವೆ. 1948ರಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಮೊದಲು ಅಂಗೀಕರಿಸಿದ ಲೈಸೆನ್ಸಿನ ನಿಯಮಾವಳಿಯು ಇಂದು ಬೋಧಕನಿಂದ ಕೇಳುವ ವಿಷಯಗಳಲ್ಲಿ ವಿಮಾನಶಾಸ್ತ್ರಕ್ಕಿಂತ ಶಿಕ್ಷಣಶಾಸ್ತ್ರವೇ ಹೆಚ್ಚೆನ್ನಬಹುದು: ಮನುಷ್ಯನು ಕಲಿಯುವ ಬಗೆ, ಶಿಷ್ಯನ ತಪ್ಪನ್ನು ವಿಂಗಡಿಸಿ ತಿದ್ದುವ ಬಗೆ, ಪಾಠವನ್ನು ಅಣಿಮಾಡುವ ಬಗೆ, ಸಿಮ್ಯುಲೇಟರುಗಳ ಬಳಕೆ. ಹಾರುತ್ತಿರುವಾಗ ಯಂತ್ರ ಕೆಟ್ಟಂತೆ ನಟಿಸುವುದರಲ್ಲಿರುವ ಅಪಾಯಗಳನ್ನೂ ಅವನು ತಿಳಿದಿರಬೇಕೆಂದು ಅದರಲ್ಲಿ ಬೇರೆಯಾಗಿ ಹೇಳಿದೆ. ಅಮೇರಿಕದಲ್ಲಿ 1949ರಿಂದೀಚೆಗೆ ಸಾಮಾನ್ಯ ಚಾಲಕನಿಗೆ ಸ್ಪಿನ್ ಪಾಠವನ್ನು ಕಡ್ಡಾಯವಾಗಿ ಕೇಳುವುದಿಲ್ಲ. ಬೋಧಕನಾಗಬೇಕೆಂಬವನಿಗೆ ಮಾತ್ರ ಅದು ತಪ್ಪಿಲ್ಲ. ಗುರುವಾದವನು ಶಿಷ್ಯನಿಗಿಂತ ಒಂದು ಸುತ್ತು ಹೆಚ್ಚಾಗಿ ಗಿರಕಿ ಹೊಡೆದು ಬಂದಿರಬೇಕೆಂದು ಹಾಸ್ಯಕ್ಕೆ ಹೇಳಬಹುದು.

ನಮ್ಮ ದೇಶದಲ್ಲಿ ಸಹಾಯಕ ಬೋಧಕ, ಬೋಧಕ ಎಂಬ ಎರಡು ಮೆಟ್ಟಿಲುಗಳುಂಟು. ಮೊದಲನೆಯವನು ಎರಡನೆಯವನ ಮೇಲ್ವಿಚಾರಣೆಯಲ್ಲಿ ಕಲಿಸುತ್ತ ಕಲಿಯುತ್ತಾನೆ. ವಾಯುಸೇನೆಯವರು ಬೋಧಕರ ಶಾಲೆಯನ್ನು 1948ರಲ್ಲಿ ಅಂಬಾಲದಲ್ಲಿ ತೆರೆದು 1954ರಲ್ಲಿ ಮದರಾಸಿನ ಬಳಿಯ ತಾಂಬರಮ್ಮಿಗೆ ಒಯ್ದರು. ಹಿಂದಿನ ಮೈಸೂರು ಸಂಸ್ಥಾನದ ಕಾಲದಲ್ಲಿ, 1948ರಲ್ಲಿ, ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರದ ವಿಮಾನಶಾಲೆ ಹುಟ್ಟಿತು. ಮಹಾರಾಜರ ಡಕೋಟಾ ವಿಮಾನದ ಚಾಲಕರಾಗಿದ್ದ ವಿ. ಸುಂದರಂ ಅವರ ಪತ್ನಿ ಉಷಾ ಸುಂದರಂ ಅವರು 1949ರಲ್ಲಿ ಅಲ್ಲಿ ತರಬೇತು ಮುಗಿಸಿದರು. 1951ರಲ್ಲಿ ದಂಪತಿಗಳು ಡವ್ ಎಂಬ ವಿಮಾನವನ್ನು ಲಂಡನ್ನಿನಿಂದ ಮುಂಬಯಿಗೆ 27 ಗಂಟೆಗಳಲ್ಲಿ ತಂದರು. ಅದೇ ವರ್ಷ ಹಿಂದೂಸ್ಥಾನ್ ಕಾರ್ಖಾನೆಯಲ್ಲಿ ಘಾಟಗೆಯವರ ತಂಡ ರಚಿಸಿದ ಎಚ್.ಟಿ.-2 ಎಂಬ ಪಾಠದ ವಿಮಾನ ಬೆಂಗಳೂರಿನ ಮೇಲೆ ಮೊದಲ ಬಾರಿ ಹಾರಿತು. ಅದರಲ್ಲಿಯೂ ಗುರುಶಿಷ್ಯರಿಗೆ ಒಂದರ ಹಿಂದೆ ಒಂದು ಪೀಠ. ಆರು ಕಾಲಿನ ಯಂತ್ರವೂ ಈಗ ನಮ್ಮ ನಗರಕ್ಕೆ ದೂರದ್ದಲ್ಲ. ಹೆಲಿಕಾಪ್ಟರ್ ಚಾಲಕರಿಗೆ ಸಿಮ್ಯುಲೇಟರಿನಲ್ಲಿ ಪಾಠ ಹೇಳುವ ಸಂಸ್ಥೆಯೊಂದು 2010ರಿಂದ ಬೆಂಗಳೂರಿನಲ್ಲಿ ಕೆಲಸ ಮಾಡುತ್ತ ಬಂದಿದೆ.

ಯಂತ್ರಗಳು ಎಷ್ಟೇ ಬಲಿತರೂ ಹೊಸ ಶಿಷ್ಯನ ಜೀವನದಲ್ಲಿ ಒಂದು ದಿನ ಹಿಂದಿನಂತೆಯೇ ಉಳಿದಿದೆ. ಪಾಠದ ನಡುವೆ ಬೋಧಕನು ವಿಮಾನವನ್ನು ಓಡುದಾರಿಯ ಪಕ್ಕಕ್ಕೆ ತರಿಸಿ, ತಾನು ಇಳಿಯುತ್ತಾನೆ. ಇಳಿಯುವ ಮುನ್ನ, ತಾನು ಕುಳಿತಿದ್ದ ಪೀಠದ ಪಟ್ಟಿಗಳನ್ನು ಬರಿಯ ಪೀಠಕ್ಕೇ ಬಿಗಿದು ಕಟ್ಟುತ್ತಾನೆ. ಸಡಿಲವಾಗಿ ಬಿಟ್ಟರೆ ಅವು ಚಾಲನದಂಡಕ್ಕೆ ತೊಡರಿಕೊಳ್ಳಬಹುದು. ಇಬ್ಬರ ಭಾರ ಒಬ್ಬರದಾದುದರಿಂದ ವಿಮಾನ ಎಂದಿಗಿಂತ ಬೇಗ ಮೇಲೇಳುವುದೆಂದು ಶಿಷ್ಯನಿಗೆ ಒಂದು ಮಾತು ಹೇಳಿ, ಬಾಗಿಲನ್ನು ಮುಚ್ಚಿ, ರೆಕ್ಕೆಯಿಂದ ದೂರ ಸರಿದು ಹುಲ್ಲಿನ ಮೇಲೆ ನಿಲ್ಲುತ್ತಾನೆ.